ಐಕೆಝಡ್‌ಎಫ್1 ಡಿಲೀಷನ್: ಒಂದು ಪ್ರತಿ ಉಳಿದಿದ್ದರೂ ಲುಕೇಮಿಯಾ ಯಾಕೆ ಹಟ ಹಿಡಿಯುತ್ತದೆ?

ವಿದ್ಯಾನಗರ_ಪೆಥಾಲಜಿ (ದಾವಣಗೆರೆ)

ಶನಿವಾರ ಪಿಜಿ ವಿದ್ಯಾರ್ಥಿಗಳಿಗೆ ಕೇಸ್ ಚರ್ಚೆ ಇದೆ. ಪಾಠಕ್ಕೆಂದೇ ಕಟ್ಟಿದ ಕೇಸ್, ನಿಜವಾದ ರೋಗಿಯದ್ದಲ್ಲ. 9 ವರ್ಷದ ಹುಡುಗ, ಬಿ-ಎಎಲ್‌ಎಲ್ (ಎಳೆಯ ಬಿ-ಕೋಶಗಳ ತೀವ್ರ ಲುಕೇಮಿಯಾ), ಮ್ಯಾರೋದಲ್ಲಿ (ಮೂಳೆಮಜ್ಜೆ) ಬ್ಲಾಸ್ಟ್ (ಎಳಸಾದ ಕ್ಯಾನ್ಸರ್ ಕೋಶ) 88%, ಕ್ಯಾರಿಯೋಟೈಪ್ (ಮೈಕ್ರೋಸ್ಕೋಪಿನಲ್ಲಿ ವರ್ಣತಂತುಗಳ ಪರೀಕ್ಷೆ) ನಾರ್ಮಲ್, ಬಿಸಿಆರ್-ಎಬಿಎಲ್ (ಫಿಲಡೆಲ್ಫಿಯಾ ವರ್ಣತಂತುವಿನ ಬೆಸೆದ ಜೀನ್) ನೆಗೆಟಿವ್. ಎಂಎಲ್‌ಪಿಎಯಲ್ಲಿ (ಜೀನಿನ ತುಂಡುಗಳ ಪ್ರತಿ ಎಣಿಸುವ ಪರೀಕ್ಷೆ, ಎರಡೂ ಪ್ರತಿ ಇದ್ದರೆ 1.0) ಐಕೆಝಡ್‌ಎಫ್1 ಜೀನಿನ 4ರಿಂದ 7ನೇ ಎಕ್ಸಾನ್‌ವರೆಗಿನ (ಎಕ್ಸಾನ್ ಅಂದರೆ ಪ್ರೋಟೀನಿನ ಸಂಕೇತ ಇರುವ ತುಂಡು) ಪ್ರೋಬ್‌ಗಳು 0.56ರ ಆಸುಪಾಸು, ಉಳಿದ ಎಕ್ಸಾನ್‌ಗಳು 1.0. ಅಂದರೆ ಎರಡರಲ್ಲಿ ಒಂದು ಪ್ರತಿಯಿಂದ ಆ ತುಂಡು ಹೋಗಿದೆ, ಅದೇ ಡಿಲೀಷನ್.

ವಿದ್ಯಾರ್ಥಿಗಳು ಕೇಳುವುದು ಗ್ಯಾರಂಟಿ: ಒಂದು ಪ್ರತಿ ಸರಿಯಾಗೇ ಇದೆಯಲ್ಲ, ಅರ್ಧ ಪ್ರೋಟೀನ್ ಸಾಲದೇ? ಕ್ಯಾರಿಯೋಟೈಪ್‌ನಲ್ಲಿ ಯಾಕೆ ಕಾಣಲಿಲ್ಲ? ಲುಕೇಮಿಯಾ ಬಂದದ್ದೇ ಇದರಿಂದಲೇ? ಪುಸ್ತಕದಲ್ಲಿ "ಪ್ರೋಗ್ನೋಸಿಸ್ ಕೆಟ್ಟದು" ಅಂತ ಒಂದು ಸಾಲು ಬರೆದು ಮುಗಿಸಿರುತ್ತಾರೆ. ಬಿಡಿಸಿ ಹೇಳುವವರು ಬೇಕು.

ಹರಿಹರ_ಬಯೋಟೆಕ್

ಇದು ಟ್ಯೂಮರ್ ಸಪ್ರೆಸರ್ (ಕ್ಯಾನ್ಸರ್ ತಡೆಯುವ) ಜೀನ್. 1971ರಲ್ಲಿ ನಡ್ಸನ್ ಹೇಳಿದ ಎರಡು ಏಟಿನ ಲೆಕ್ಕ (ಎರಡೂ ಪ್ರತಿ ಕೆಟ್ಟರೇ ಕ್ಯಾನ್ಸರ್) ಇಲ್ಲಿಗೂ ಅನ್ವಯ. ಒಂದು ಪ್ರತಿ ಡಿಲೀಟ್ ಆಗಿದೆ, ಇನ್ನೊಂದರಲ್ಲಿ ಎಂಎಲ್‌ಪಿಎಗೆ ಸಿಗದ ಪಾಯಿಂಟ್ ಮ್ಯುಟೇಷನ್ ಇರಲೇಬೇಕು. ಸೀಕ್ವೆನ್ಸಿಂಗ್‌ಗೆ ಕಳಿಸಿದರೆ ಸಿಗುತ್ತದೆ.

ಎಂಎಲ್‌ಪಿಎ_ಬೆಂಚ್

ಇಲ್ಲ ಸರ್, ಇರಲೇಬೇಕು ಅಂತೇನಿಲ್ಲ. ನಡ್ಸನ್ ನೋಡಿದ ರೆಟಿನೋಬ್ಲಾಸ್ಟೋಮಾದ (ಮಕ್ಕಳ ಕಣ್ಣಿನ ಕ್ಯಾನ್ಸರ್) ಲೆಕ್ಕವನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತದೆ. ಬಹುಪಾಲು ಕೇಸ್‌ಗಳಲ್ಲಿ ಇನ್ನೊಂದು ಪ್ರತಿ ಸಂಪೂರ್ಣ ನಾರ್ಮಲ್ ಆಗಿರುತ್ತದೆ.

ಈ ಜೀನ್ 7ನೇ ವರ್ಣತಂತುವಿನ ಚಿಕ್ಕ ತೋಳಿನಲ್ಲಿದೆ, 7ಪಿ12. ಇದು ಮಾಡುವ ಪ್ರೋಟೀನ್ ಇಕರೋಸ್. ಅದರಲ್ಲಿ ಎರಡು ಗುಂಪು ಝಿಂಕ್ ಫಿಂಗರ್‌ಗಳು (ಝಿಂಕ್ ಹಿಡಿದ ಬೆರಳಿನಂಥ ಮಡಿಕೆಗಳು). ಮುಂದಿನ ನಾಲ್ಕು ಡಿಎನ್‌ಎಯನ್ನು ಹಿಡಿಯುವಂಥವು, 4ರಿಂದ 6ನೇ ಎಕ್ಸಾನ್‌ಗಳಲ್ಲಿವೆ. ಹಿಂದಿನ ಎರಡು 8ನೇ ಎಕ್ಸಾನ್‌ನಲ್ಲಿವೆ, ಅವುಗಳ ಕೆಲಸ ಇನ್ನೊಂದು ಇಕರೋಸ್ ಜೊತೆ ಜೋಡಿ ಕಟ್ಟುವುದು. ಇಕರೋಸ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಜೋಡಿಯಾಗಿಯೇ ಮಾಡುತ್ತದೆ.

ಈಗ 4–7 ಮಾತ್ರ ಹೋದರೆ ಏನಾಗುತ್ತದೆ ನೋಡಿ. ಓದುವ ಚೌಕಟ್ಟು ಕೆಡದೆ 3ನೇ ಎಕ್ಸಾನ್ ನೇರ 8ಕ್ಕೆ ಸೇರುತ್ತದೆ. ಐಕೆ6 ಎಂಬ ಮೋಟು ಪ್ರೋಟೀನ್ ತಯಾರಾಗುತ್ತದೆ. ಇದು ಡಿಎನ್‌ಎ ಹಿಡಿಯಲಾರದು, ಆದರೆ ಜೋಡಿ ಕಟ್ಟುವ ತುದಿ ಗಟ್ಟಿಯಾಗಿದೆ. ಹಾಗಾಗಿ ಒಳ್ಳೆಯ ಪ್ರತಿಯಿಂದ ಬಂದ ಇಕರೋಸನ್ನೂ ಹಿಡಿದು ನಿಷ್ಕ್ರಿಯ ಮಾಡುತ್ತದೆ. "ಅರ್ಧ ಉಳಿದಿದೆ" ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು.

ಚಳ್ಳಕೆರೆ_ಲ್ಯಾಬ್

ಜೋಡೆತ್ತಿನಲ್ಲಿ ಒಂದು ನೊಗ ಹೊತ್ತುಕೊಂಡೇ ಮಲಗಿದಂಗೆ. ಇನ್ನೊಂದಕ್ಕೆ ಎಷ್ಟು ಶಕ್ತಿ ಇದ್ದರೂ ಗಾಡಿ ಮುಂದಕ್ಕೆ ಹೋಗಲ್ಲ. ಒಂದೇ ಎತ್ತು ಇದ್ದಿದ್ದರೆ ಒಂಟೆತ್ತಿನ ಗಾಡಿಯಾದ್ರೂ ಹೊಡೀಬಹುದಿತ್ತು.

ಎಂಎಲ್‌ಪಿಎ_ಬೆಂಚ್

ಅದೇ. ಇಡೀ ಜೀನ್ ಹೋದವರದ್ದು, ಅಥವಾ 2ನೇ ಎಕ್ಸಾನ್ ಸೇರಿಸಿ ಹೋದವರದ್ದು ಒಂಟೆತ್ತಿನ ಸ್ಥಿತಿ. 2ರಲ್ಲಿ ಸ್ಟಾರ್ಟ್ ಕೋಡಾನ್ ಇರುವುದರಿಂದ ಆ ಪ್ರತಿಯಿಂದ ಪ್ರೋಟೀನೇ ಬರಲ್ಲ, ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ ಹ್ಯಾಪ್ಲೊಇನ್ಸಫಿಷಿಯೆನ್ಸಿ ಅನ್ನುತ್ತಾರೆ. 4–7ರದ್ದು ಡಾಮಿನೆಂಟ್ ನೆಗೆಟಿವ್. ರಿಪೋರ್ಟ್‌ನಲ್ಲಿ ಬರೀ "ಐಕೆಝಡ್‌ಎಫ್1 ಡಿಲೀಟೆಡ್" ಅಂತ ಬರೆದು ಕೈತೊಳೆದುಕೊಳ್ಳುವುದು ತಪ್ಪು. ಯಾವ ಎಕ್ಸಾನ್‌ನಿಂದ ಯಾವ ಎಕ್ಸಾನ್‌ವರೆಗೆ ಎಂದು ಬರೆಯಲೇಬೇಕು.

ಹರಿಹರ_ಬಯೋಟೆಕ್

ಹಾಗಿದ್ದರೆ ಒಂದು ಕೆಟ್ಟ ಪ್ರತಿಯಿಂದಲೇ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಪ್ರಾಣಿ ಪ್ರಯೋಗದ ಸಾಕ್ಷ್ಯ ಇದೆಯೇ?

ಹೆಮಟಾಲಜಿ_ಡಿಎಂ

ಇದೆ, ಹಳೆಯದೇ. 1994ರಲ್ಲಿ ಇಲಿಗಳಲ್ಲಿ ಇಕರೋಸ್‌ನ ಡಿಎನ್‌ಎ ಹಿಡಿಯುವ ಭಾಗವನ್ನು ತೆಗೆದಾಗ, ಎರಡೂ ಪ್ರತಿ ಕೆಟ್ಟ ಇಲಿಗಳಲ್ಲಿ ಲಿಂಫೋಸೈಟ್‌ಗಳೇ ಹುಟ್ಟಲಿಲ್ಲ. 1995ರಲ್ಲಿ ತೋರಿಸಿದ್ದು, ಅದೇ ಡಾಮಿನೆಂಟ್ ನೆಗೆಟಿವ್ ಬದಲಾವಣೆ ಒಂದೇ ಪ್ರತಿಯಲ್ಲಿದ್ದ ಇಲಿಗಳಿಗೆ ಟಿ-ಕೋಶದ ಲುಕೇಮಿಯಾ ಬಂತು ಅಂತ. ಮನುಷ್ಯರಲ್ಲಿ ಇದು ಮುಖ್ಯವಾಗಿ ಬಿ-ಕೋಶದ ಕಾಯಿಲೆಯಲ್ಲಿ ಕಾಣುತ್ತದೆ, ಆ ವ್ಯತ್ಯಾಸ ವಿದ್ಯಾರ್ಥಿಗಳಿಗೆ ಹೇಳಿ.

ಮನುಷ್ಯರ ದೊಡ್ಡ ಸಾಕ್ಷ್ಯ ಬಂದದ್ದು 2008ರಲ್ಲಿ. ಬಿಸಿಆರ್-ಎಬಿಎಲ್ ಪಾಸಿಟಿವ್ ಎಎಲ್‌ಎಲ್ ಇದ್ದ 43 ಜನರಲ್ಲಿ 36 ಜನರಿಗೆ, ಅಂದರೆ 83.7% ಮಂದಿಗೆ ಈ ಡಿಲೀಷನ್ ಇತ್ತು. ಅದೇ ಫಿಲಡೆಲ್ಫಿಯಾ ವರ್ಣತಂತು ಇರುವ ಸಿಎಂಎಲ್ (ನಿಧಾನಗತಿಯ ಮೈಲಾಯ್ಡ್ ಲುಕೇಮಿಯಾ) ಕಾಯಿಲೆಯ ಕ್ರಾನಿಕ್ ಹಂತದಲ್ಲಿ ಇದು ಕಾಣಲಿಲ್ಲ, ಕಾಯಿಲೆ ಲಿಂಫಾಯ್ಡ್ ಬ್ಲಾಸ್ಟ್ ಕ್ರೈಸಿಸ್‌ಗೆ (ಎಳಸು ಲಿಂಫ್ ಕೋಶಗಳು ತುಂಬುವ ಉಲ್ಬಣ ಹಂತ) ತಿರುಗಿದಾಗ ಬಂತು. ಬಿಸಿಆರ್-ಎಬಿಎಲ್ ಕೋಶವನ್ನು ಓಡಿಸುತ್ತದೆ, ಇಕರೋಸ್ ಇರುವವರೆಗೆ ಆ ಕೋಶ ಬಲಿಯುತ್ತ ಹೋಗುತ್ತದೆ, ಇಕರೋಸ್ ಹೋದ ಮೇಲೆ ಎಳಸಾಗಿಯೇ ನಿಂತು ಬಿಡುತ್ತದೆ. ನನ್ನ ಪ್ರಕಾರ ಇಡೀ ವಿಷಯದ ಹೃದಯ ಇದೇ, ಕ್ಲಾಸ್‌ನ ಅರ್ಧ ಹೊತ್ತು ಇದಕ್ಕೇ ಕೊಟ್ಟರೂ ಹೆಚ್ಚಲ್ಲ.

ವಿದ್ಯಾನಗರ_ಪೆಥಾಲಜಿ (ದಾವಣಗೆರೆ)

ಎಳಸಾಗಿ ನಿಲ್ಲುವುದು ಅಂದಿರಲ್ಲ ಡಾಕ್ಟ್ರೇ, ಯಾವ ಮೆಟ್ಟಿಲಲ್ಲಿ? ನಿಲ್ಲಿಸುವುದು ಏನು?

ಹೆಮಟಾಲಜಿ_ಡಿಎಂ

ಪ್ರೀ-ಬಿ ಹಂತದಲ್ಲಿ. ಆಂಟಿಬಾಡಿಯ ಹೆವಿ ಚೈನ್ (ದೊಡ್ಡ ಸರಪಳಿ) ಜೋಡಣೆ ಸರಿಯಾದ ಕೋಶ ಅದನ್ನು ಸರೊಗೇಟ್ ಲೈಟ್ ಚೈನ್ (ಚಿಕ್ಕ ಸರಪಳಿಯ ತಾತ್ಕಾಲಿಕ ಬದಲಿ) ಜೊತೆ ಸೇರಿಸಿ ಪ್ರೀ-ಬಿ ರಿಸೆಪ್ಟರ್ ಕಟ್ಟಿಕೊಳ್ಳುತ್ತದೆ. ಅದರ ಸಿಗ್ನಲ್‌ನಿಂದ ಕೆಲವು ಸುತ್ತು ಜೋರಾಗಿ ವಿಭಜನೆ. ಆಮೇಲೆ ವಿಭಜನೆ ನಿಲ್ಲಿಸಿ ಲೈಟ್ ಚೈನ್ ಜೋಡಣೆಗೆ ಇಳಿಯಬೇಕು. ಆ "ನಿಲ್ಲಿಸು" ಅನ್ನುವ ಕೆಲಸ ಇಕರೋಸ್ ಮತ್ತು ಅದರ ತಮ್ಮ ಅಯೊಲೋಸ್‌ನದು. ಸರೊಗೇಟ್ ಲೈಟ್ ಚೈನ್ ಜೀನನ್ನು ಮುಚ್ಚುತ್ತವೆ, ವಿಭಜನೆ ಓಡಿಸುವ ಮಿಕ್ ಜೀನನ್ನು ಇಳಿಸುತ್ತವೆ. ಎನ್‌ಯುಆರ್‌ಡಿ ಎಂಬ ಕ್ರೊಮ್ಯಾಟಿನ್ ಸಂಕೀರ್ಣವನ್ನು ಜೊತೆಗೆ ಕರೆದುಕೊಂಡು ಹೋಗಿ, ಹಿಸ್ಟೋನ್‌ಗಳ ಅಸಿಟೈಲ್ ಗುಂಪು ತೆಗೆಸಿ, ಆ ಜಾಗವನ್ನು ಬಿಗಿ ಮಾಡುತ್ತವೆ.

ಇಕರೋಸ್ ಇಲ್ಲದಿದ್ದರೆ ಕೋಶ ವಿಭಜನೆಯ ಹಂತದಲ್ಲೇ ಉಳಿಯುತ್ತದೆ. ಅಷ್ಟೇ ಅಲ್ಲ. ಇಂಟೆಗ್ರಿನ್‌ಗಳು (ಅಂಟಿಸುವ ಪ್ರೋಟೀನ್‌ಗಳು) ಹೆಚ್ಚಿ ಮ್ಯಾರೋದ ಸ್ಟ್ರೋಮಾಕ್ಕೆ (ಆಧಾರ ಅಂಗಾಂಶ) ಅಂಟಿಕೊಳ್ಳುತ್ತದೆ, ಅಲ್ಲಿ ಕೀಮೋದಿಂದ ಸ್ವಲ್ಪ ಮಟ್ಟಿಗೆ ರಕ್ಷಣೆ ಸಿಗುತ್ತದೆ. ಗ್ಲೂಕೋಸ್ ಒಳಗೆ ಬಿಡುವುದರ ಮೇಲೆ ಇಕರೋಸ್ ಮತ್ತು ಪಿಎಎಕ್ಸ್5 (ಬಿ-ಕೋಶದ ಇನ್ನೊಂದು ನಿಯಂತ್ರಕ) ಇಟ್ಟಿರುವ ಕಡಿವಾಣವೂ ತಪ್ಪುತ್ತದೆ, 2017ರಲ್ಲಿ ಇದು ಸ್ಪಷ್ಟವಾಯಿತು. ಪ್ರೆಡ್ನಿಸೊಲೋನ್‌ಗೆ ಸಾಯುವ ಗುಣವೂ ಕಡಿಮೆಯಾಗುತ್ತದೆ. ಎಎಲ್‌ಎಲ್ ಚಿಕಿತ್ಸೆಯ ಮೊದಲ ಔಷಧಿಯೇ ಸ್ಟೀರಾಯ್ಡ್, ಅದಕ್ಕೇ ಈ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ.

ದುರ್ಗದ_ಸೈಟೋಜೆನೆಟಿಕ್ಸ್

ಕ್ಯಾರಿಯೋಟೈಪ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ.

ಜಿ-ಬ್ಯಾಂಡಿಂಗ್‌ನಲ್ಲಿ (ಕ್ಯಾರಿಯೋಟೈಪ್‌ಗೆ ವರ್ಣತಂತುಗಳಲ್ಲಿ ಪಟ್ಟೆ ಮೂಡಿಸುವ ವಿಧಾನ) ಕಣ್ಣಿಗೆ ಕಾಣಬೇಕಾದರೆ ಸುಮಾರು 50ರಿಂದ 100 ಲಕ್ಷ ಬೇಸ್‌ನಷ್ಟು ತುಂಡು ಹೋಗಿರಬೇಕು. ಈ ಇಡೀ ಜೀನ್ ಸುಮಾರು 1 ಲಕ್ಷ ಬೇಸ್. 4–7 ಡಿಲೀಷನ್ ಅದರಲ್ಲೂ ಅರ್ಧ. ಮೈಕ್ರೋಸ್ಕೋಪ್ ಎಷ್ಟೇ ಒಳ್ಳೆಯದಿರಲಿ ಕಾಣುವ ಮಾತೇ ಇಲ್ಲ. ಫಿಶ್ (ಹೊಳೆಯುವ ಪ್ರೋಬ್ ಅಂಟಿಸಿ ಚುಕ್ಕೆ ಎಣಿಸುವ ಪರೀಕ್ಷೆ) ಮಾಡಿದರೂ ಅಷ್ಟೇ, ಪ್ರೋಬ್ ಡಿಲೀಷನ್‌ಗಿಂತ ದೊಡ್ಡದು. ನಡುವಿನ ತುಂಡು ಹೋದರೂ ಅಕ್ಕಪಕ್ಕಕ್ಕೆ ಅಂಟಿ ಎರಡು ಚುಕ್ಕೆ ತೋರಿಸುತ್ತದೆ. ಮೊನೊಸೋಮಿ 7 (7ನೇ ವರ್ಣತಂತು ಎರಡರ ಬದಲು ಒಂದೇ ಇರುವುದು) ಅಥವಾ 7ಪಿ ತೋಳೇ ಹೋಗಿದ್ದರೆ ಮಾತ್ರ ನಮಗೆ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ಎಎಲ್‌ಎಲ್‌ನಲ್ಲಿ "46,ಎಕ್ಸ್‌ವೈ" (ಗಂಡಿನ ನಾರ್ಮಲ್ ಕ್ಯಾರಿಯೋಟೈಪ್) ಬಂದರೆ ಬ್ಲಾಸ್ಟ್‌ಗಳು ನಾರ್ಮಲ್ ಅಂತಲ್ಲ. ಕಲ್ಚರ್‌ನಲ್ಲಿ ಬ್ಲಾಸ್ಟ್‌ಗಳು ಸತ್ತು, ಉಳಿದ ನಾರ್ಮಲ್ ಕೋಶಗಳೇ ವಿಭಜನೆಯಾಗಿ ನಾವು ಎಣಿಸುವ 20 ಮೆಟಾಫೇಸ್ (ವಿಭಜನೆಯ ನಡುವೆ ಇರುವ ಕೋಶ) ಕೊಟ್ಟಿರಬಹುದು.

ಬೆಣ್ಣೆನಗರಿ

ಮೊನೊಸೋಮಿ 7 ಅಂದ ಕೂಡಲೇ ನೆನಪಾಯ್ತು. ಪೆಟ್ರೋಲ್ ಬಂಕ್‌ನಲ್ಲಿ ಕೆಲಸ ಮಾಡುವವರಿಗೆ ಬೆಂಝೀನ್‌ನಿಂದ 7ನೇ ವರ್ಣತಂತು ಹೋಗುತ್ತದೆ ಅಂತಾರಲ್ಲ, ಆಗ ಇಕರೋಸೂ ಹೋಗುತ್ತದೆ ತಾನೆ? ಹಂಗಾದ್ರೆ ಈ ಮಗುವಿಗೂ ಅದೇ ಕಾರಣವಾ?

ದುರ್ಗದ_ಸೈಟೋಜೆನೆಟಿಕ್ಸ್

ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಬೆಂಝೀನ್‌ಗೆ ಗಟ್ಟಿ ಸಂಬಂಧ ಇರುವುದು ಎಎಂಎಲ್ ಮತ್ತು ಎಂಡಿಎಸ್ (ಮೈಲಾಯ್ಡ್ ಕೋಶಗಳ ಕಾಯಿಲೆಗಳು) ಜೊತೆ. ಅಲ್ಲಿ 5 ಮತ್ತು 7ನೇ ವರ್ಣತಂತುಗಳ ನಷ್ಟ ಕಾಣುತ್ತದೆ. 7 ಪೂರ್ತಿ ಹೋದರೆ ಇಕರೋಸ್ ಜೊತೆ ಉದ್ದ ತೋಳಿನ ಇಝಡ್‌ಎಚ್2, ಸಿಯುಎಕ್ಸ್1 ಜೀನ್‌ಗಳೂ ಒಂದೊಂದು ಪ್ರತಿ ಹೋಗುತ್ತವೆ. ಅದು ಬೇರೆಯದೇ ಕಾಯಿಲೆ. ಬಿ-ಎಎಲ್‌ಎಲ್‌ನಲ್ಲಿ ಈ ಸಣ್ಣ ಡಿಲೀಷನ್ ಮಾಡುವುದು ಹೊರಗಿನ ವಿಷವಲ್ಲ, ಕೋಶದೊಳಗಿನದೇ ಕಿಣ್ವ.

ಬೆಣ್ಣೆನಗರಿ

ಯಾವ ಕಿಣ್ವ?

ಎಂಎಲ್‌ಪಿಎ_ಬೆಂಚ್

ರ್‍ಯಾಗ್. ಆಂಟಿಬಾಡಿ ಜೀನ್‌ಗಳನ್ನು ಕತ್ತರಿಸಿ ಜೋಡಿಸುವ ಕಿಣ್ವ ಅದು. ಕತ್ತರಿಸಬೇಕಾದ ಜಾಗಕ್ಕೆ ಒಂದು ಗುರುತಿನ ಅನುಕ್ರಮ ಇರುತ್ತದೆ. ಐಕೆಝಡ್‌ಎಫ್1ನ 3ನೇ ಮತ್ತು 7ನೇ ಇಂಟ್ರಾನ್‌ಗಳಲ್ಲಿ (ಎಕ್ಸಾನ್‌ಗಳ ನಡುವಿನ ತುಂಡು) ಅದೇ ಗುರುತನ್ನು ಹೋಲುವ ತುಣುಕುಗಳಿವೆ. ರ್‍ಯಾಗ್ ಅಲ್ಲಿ ತಪ್ಪಾಗಿ ಕತ್ತರಿ ಹಾಕುತ್ತದೆ. ಕೀಲಿನಲ್ಲಿ ಟೆಂಪ್ಲೇಟ್ ಇಲ್ಲದೆ ಸೇರಿಸಿದ ಒಂದಷ್ಟು ಬೇಸ್‌ಗಳು ಸಿಗುತ್ತವೆ, ಅವೇ ರ್‍ಯಾಗ್‌ನ ಕೈಚಳಕಕ್ಕೆ ಸಾಕ್ಷಿ.

ಇದರಿಂದ ಒಂದು ಲಾಭವೂ ಇದೆ. ಬೇರೆ ಬೇರೆ ರೋಗಿಗಳಲ್ಲೂ ಮುರಿಯುವ ಜಾಗ ಹೆಚ್ಚುಕಡಿಮೆ ಒಂದೇ. 3ನೇ ಇಂಟ್ರಾನ್‌ನಲ್ಲಿ ಒಂದು ಪ್ರೈಮರ್, 7ನೇ ಇಂಟ್ರಾನ್‌ನಲ್ಲಿ ಇನ್ನೊಂದು ಇಟ್ಟರೆ ಡಿಲೀಷನ್ ಇರುವ ಕೋಶದಲ್ಲಿ ಮಾತ್ರ ಬ್ಯಾಂಡ್ ಬರುತ್ತದೆ, ಯಾಕೆಂದರೆ ನಾರ್ಮಲ್ ಪ್ರತಿಯಲ್ಲಿ ನಡುವಿನ ದೂರ ಪಿಸಿಆರ್‌ಗೆ ದಾಟಲಾಗದಷ್ಟು. ಮೂಲ ಸ್ಯಾಂಪಲ್‌ನಲ್ಲಿ ಬ್ಲಾಸ್ಟ್ ಕಡಿಮೆ ಇದ್ದರೂ ಇದು ಹಿಡಿಯುತ್ತದೆ, ಎಂಎಲ್‌ಪಿಎ ಹಿಡಿಯಲ್ಲ. ಆದರೆ ಇಡೀ ಜೀನ್ ಹೋದ ಕೇಸ್‌ಗಳಲ್ಲಿ ಮುರಿಯುವ ಜಾಗ ಚೆಲ್ಲಾಪಿಲ್ಲಿ, ಅವಕ್ಕೆ ಈ ಪಿಸಿಆರ್ ಆಗಲ್ಲ.

ಹೊಳಲ್ಕೆರೆ_ಸಿಸ್ಟರ್

ಎಂಎಲ್‌ಪಿಎ ಯಾಕೆ ಹಿಡಿಯಲ್ಲ ಮೇಡಂ? ಮೇಲೆ ಅದರಲ್ಲೇ ಸಿಕ್ಕಿದೆ ಅಂತ ಇದೆಯಲ್ಲ?

ಎಂಎಲ್‌ಪಿಎ_ಬೆಂಚ್

ಒಳ್ಳೆ ಪ್ರಶ್ನೆ ಸಿಸ್ಟರ್. ಎಂಎಲ್‌ಪಿಎ ಕೊಡುವುದು ಇಡೀ ಟ್ಯೂಬ್‌ನ ಸರಾಸರಿ. ಒಂದು ಪ್ರತಿ ಮಾತ್ರ ಹೋಗಿದ್ದರೆ ಅನುಪಾತ = 1 ರಿಂದ ಬ್ಲಾಸ್ಟ್ ಭಾಗದ ಅರ್ಧ ಕಳೆಯಿರಿ. ಬ್ಲಾಸ್ಟ್ 88% ಇದ್ದರೆ 1 – 0.44 = 0.56, ಸರಿಯಾಗಿ ಈ ಕೇಸ್‌ನದ್ದೇ. ಬ್ಲಾಸ್ಟ್ 60% ಇದ್ದರೆ 0.70. 30% ಇದ್ದರೆ 0.85. ನಾರ್ಮಲ್ ವ್ಯಾಪ್ತಿ 0.80ರಿಂದ 1.20 ಅಂತ ಇಟ್ಟುಕೊಳ್ಳುವುದರಿಂದ 0.85 ಬಂದವರಿಗೆ "ಡಿಲೀಷನ್ ಇಲ್ಲ" ಅಂತ ರಿಪೋರ್ಟ್ ಹೋಗಿಬಿಡುತ್ತದೆ. ಆದ್ದರಿಂದ ಬ್ಲಾಸ್ಟ್ ಶೇಕಡಾವಾರು ಬರೆಯದ ಎಂಎಲ್‌ಪಿಎ ರಿಪೋರ್ಟ್ ಓದಲು ಬರುವುದಿಲ್ಲ. 50%ಗಿಂತ ಕಡಿಮೆ ಇದ್ದರೆ ನೆಗೆಟಿವ್ ಅನ್ನುವ ಮೊದಲು ಎರಡು ಸಲ ಯೋಚಿಸಿ.

ಹೆಮಟಾಲಜಿ_ಡಿಎಂ

ಇದಕ್ಕೇ ಒಂದು ಮಾತು ಸೇರಿಸಬೇಕು, ಸಣ್ಣ ಊರುಗಳ ವೈದ್ಯರಿಗೆ ತುಂಬ ಮುಖ್ಯ. ಲುಕೇಮಿಯಾ ಸಂಶಯ ಬಂದ ಮಗುವಿಗೆ ಸ್ಯಾಂಪಲ್ ತೆಗೆಯುವ ಮೊದಲು ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಕೊಡಬೇಡಿ. ಜ್ವರ, ಕುತ್ತಿಗೆ ಗಂಟು, ಕಾಲುನೋವು ಅಂತ ಬಂದ ಮಗುವಿಗೆ ಎರಡು ದಿನ ಸ್ಟೀರಾಯ್ಡ್ ಬಿದ್ದರೆ ರಕ್ತದ ಬ್ಲಾಸ್ಟ್ ಕರಗಿ ಹೋಗುತ್ತದೆ. ಡಯಾಗ್ನೋಸಿಸ್ ಮಸುಕಾಗುತ್ತದೆ, ಎಂಎಲ್‌ಪಿಎ ಸುಳ್ಳು ನೆಗೆಟಿವ್ ಆಗುತ್ತದೆ, 8ನೇ ದಿನದ ಪ್ರೆಡ್ನಿಸೊಲೋನ್ ಪ್ರತಿಕ್ರಿಯೆಯ ಲೆಕ್ಕವೂ ಕೆಡುತ್ತದೆ. ಉಸಿರುನಾಳ ಒತ್ತುವ ಎದೆಗೂಡಿನ ಗಡ್ಡೆಯಂಥ ತುರ್ತು ಇದ್ದರೆ ಕೊಡಲೇಬೇಕಾದೀತು, ಆಗಲೂ ಮೊದಲು 2 ಮಿಲಿ ರಕ್ತ ಇಡಿಟಿಎ ಟ್ಯೂಬ್‌ಗೆ ತೆಗೆದಿಡಿ.

ಹೊಳಲ್ಕೆರೆ_ಸಿಸ್ಟರ್

ಯಾವ ಟ್ಯೂಬ್‌ಗೆ ಎಷ್ಟು, ಹೆಂಗೆ ಕಳಿಸಬೇಕು, ಯಾರಾದ್ರೂ ಒಂದೇ ಕಡೆ ಬರೀತೀರಾ? ಪ್ರತಿ ಸಲ ಫೋನ್ ಮಾಡಿ ಕೇಳೋದಾಗಿದೆ.

ಚಳ್ಳಕೆರೆ_ಲ್ಯಾಬ್

ಬರ್ಕೊಳ್ಳಿ ಸಿಸ್ಟರ್.

ಮ್ಯಾರೋ ಎಳೆಯುವಾಗ ಮೊದಲ ಹನಿಗಳು ಸ್ಲೈಡ್‌ಗೆ. ಅದರ ಹಿಂದೆಯೇ 2ರಿಂದ 3 ಮಿಲಿ ನೇರಳೆ ಮುಚ್ಚಳದ ಇಡಿಟಿಎಗೆ, ಮಾಲಿಕ್ಯುಲರ್‌ಗೆ. ಫ್ಲೋಗೆ (ಕೋಶದ ಮೇಲಿನ ಗುರುತು ನೋಡುವ ಪರೀಕ್ಷೆ) ಇನ್ನೊಂದು ಇಡಿಟಿಎ. ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್, ಅದಕ್ಕೆ ಬದುಕಿರುವ ಕೋಶ ಬೇಕು. ಕೊನೆಗೆ ಎಳೆದದ್ದರಲ್ಲಿ ರಕ್ತ ಬೆರೆತು ಬ್ಲಾಸ್ಟ್ ಪ್ರಮಾಣ ಕುಸಿದಿರುತ್ತದೆ, ಅದನ್ನು ಎಂಎಲ್‌ಪಿಎಗೆ ಕೊಡಬೇಡಿ.

ಹಸಿರು ಟ್ಯೂಬನ್ನು ಮಾಲಿಕ್ಯುಲರ್‌ಗೆ ಕಳಿಸಬಾರದು. ಹೆಪಾರಿನ್ ಪಿಸಿಆರ್ ಕಿಣ್ವವನ್ನು ತಡೆಯುತ್ತದೆ.

ಟ್ಯೂಬ್‌ಗೆ ಬಿದ್ದ ಕೂಡಲೇ 8–10 ಸಲ ಮೆಲ್ಲಗೆ ತಿರುಗಿಸಿ, ಅಲ್ಲಾಡಿಸಬೇಡಿ. ಸಣ್ಣ ಹೆಪ್ಪು ಆದರೂ ಬ್ಲಾಸ್ಟ್ ಅದರೊಳಗೆ ಸಿಕ್ಕಿಬೀಳುತ್ತದೆ.

ಡಿಲೀಷನ್ ಪರೀಕ್ಷೆಗೆ ಡಿಎನ್‌ಎ ಸಾಕು, ಫ್ರಿಜ್‌ನ 2–8 ಡಿಗ್ರಿಯಲ್ಲಿ ಕೆಲವು ದಿನ ತಡೆಯುತ್ತದೆ. ಬಿಸಿಆರ್-ಎಬಿಎಲ್‌ಗೆ ಆರ್‌ಎನ್‌ಎ ಬೇಕು, ಅದು ಬೇಗ ಹಾಳಾಗುತ್ತದೆ, 24 ಗಂಟೆಯೊಳಗೆ ತಲುಪಿದರೆ ಒಳ್ಳೇದು, 48 ದಾಟಬಾರದು. ಹಂಗಾಗಿ ಶನಿವಾರ ಸಂಜೆ ಮ್ಯಾರೋ ಮಾಡಿ ಕೊರಿಯರ್‌ಗೆ ಹಾಕಿದರೆ ಸೋಮವಾರದವರೆಗೆ ಎಲ್ಲೋ ಬಿದ್ದಿರುತ್ತದೆ. ಸೋಮವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ.

ಐಸ್ ಪ್ಯಾಕ್ ಹಾಕಿ, ಆದರೆ ಟ್ಯೂಬ್‌ಗೆ ತಾಗದಂತೆ ಹತ್ತಿ ಅಥವಾ ಥರ್ಮೋಕೋಲ್ ಅಡ್ಡ ಇಡಿ. ಹೆಪ್ಪುಗಟ್ಟಿದರೆ ಕೋಶಗಳೆಲ್ಲ ಒಡೆಯುತ್ತವೆ. ಹಸಿರು ಟ್ಯೂಬನ್ನು ಐಸ್ ಜೊತೆ ಇಡಲೇಬೇಡಿ, ಅದಕ್ಕೆ ಕೋಣೆಯ ಉಷ್ಣತೆ ಸಾಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡಿಕ್ಕಿಗೆ ಹಾಕಿದರೆ ಮಾತ್ರ ಕಥೆ ಮುಗಿಯಿತು, ಕೈಯಲ್ಲಿ ಹಿಡಿದುಕೊಂಡು ಹೋಗುವವರಿದ್ದರೆ ಅವರ ಹತ್ತಿರವೇ ಕೊಡಿ.

ತುಂಗಭದ್ರಾ_ತೀರ

ದಾವಣಗೆರೆಯಿಂದ ಬೆಂಗಳೂರಿಗೆ ವಂದೇ ಭಾರತ್ ನಿಲ್ಲುತ್ತದೆ, ಅದೇ ದಿನ ತಲುಪುತ್ತದೆ. ದುರ್ಗದವರಿಗೆ ಆ ಲೈನ್ ಇಲ್ಲ, ರಸ್ತೆಯೇ ಗತಿ. ದಾವಣಗೆರೆ–ಚಿತ್ರದುರ್ಗ–ತುಮಕೂರು ನೇರ ಮಾರ್ಗ ಮುಗಿದರೆ ಎಲ್ಲರಿಗೂ ಅನುಕೂಲ, ಎಷ್ಟು ವರ್ಷದಿಂದ ಕಾಯ್ತಿದ್ದೀವಿ.

ಬೆಣ್ಣೆನಗರಿ

ಆ ಮಾರ್ಗದ ವಿಷಯ ಎತ್ತಿದರೆ ಈ ಚರ್ಚೆ ಮುಗಿಯಲ್ಲ ಬಿಡಿ ಸರ್.

ಜಗಳೂರು_ಫಾರ್ಮಾ

ನನಗೆ ಒಂದು ತಕರಾರಿದೆ. ಮೈಲೋಮಾಗೆ (ಪ್ಲಾಸ್ಮಾ ಕೋಶದ ಕ್ಯಾನ್ಸರ್) ಕೊಡುವ ಲೆನಾಲಿಡೊಮೈಡ್ ಕೆಲಸ ಮಾಡುವುದೇ ಇಕರೋಸನ್ನು ಒಡೆದು ಹಾಕಿ. ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿ ಇಕರೋಸ್ ಮತ್ತು ಅಯೊಲೋಸ್ ಎರಡನ್ನೂ ಪ್ರೋಟೀನ್ ಒಡೆಯುವ ಪ್ರೋಟಿಯಾಸೋಮ್‌ಗೆ ದೂಡುತ್ತದೆ, 2014ರಲ್ಲಿ ಎರಡು ತಂಡಗಳು ತೋರಿಸಿವೆ. ಇಕರೋಸ್ ಹೋದರೆ ಕ್ಯಾನ್ಸರ್ ಅಂತ ನೀವು ಹೇಳ್ತೀರಿ, ಇಲ್ಲಿ ಇಕರೋಸ್ ಹೋದರೆ ಕ್ಯಾನ್ಸರ್ ಸಾಯುತ್ತದೆ. ಎರಡೂ ಹೇಗೆ ನಿಜ?

ಹೆಮಟಾಲಜಿ_ಡಿಎಂ

ಎರಡೂ ನಿಜ, ಕೋಶ ಬೇರೆ. ಮೈಲೋಮಾ ಕೋಶ ಬಲಿತು ಮುಗಿದ ಪ್ಲಾಸ್ಮಾ ಕೋಶ. ಅದು ಬದುಕಿರುವುದು ಐಆರ್‌ಎಫ್4 ಮತ್ತು ಮಿಕ್ ಎಂಬ ಜೀನ್‌ಗಳ ಮೇಲೆ. ಅಲ್ಲಿ ಐಆರ್‌ಎಫ್4 ಅನ್ನು ಎತ್ತಿ ಹಿಡಿದಿರುವುದೇ ಇಕರೋಸ್–ಅಯೊಲೋಸ್. ಅವು ಹೋದರೆ ಐಆರ್‌ಎಫ್4 ಕುಸಿದು ಕೋಶ ಸಾಯುತ್ತದೆ. ಪ್ರೀ-ಬಿ ಕೋಶದಲ್ಲಿ ಅದೇ ಇಕರೋಸ್ ಮಿಕ್‌ನ್ನು ಅದುಮುತ್ತದೆ. ನಿಯಂತ್ರಕ ಜೀನ್‌ಗಳ ಸ್ವಭಾವವೇ ಇದು: ಯಾವ ಹಂತದ ಕೋಶ, ಅಲ್ಲಿ ಕ್ರೊಮ್ಯಾಟಿನ್ ಎಲ್ಲಿ ತೆರೆದಿದೆ ಅನ್ನುವುದರ ಮೇಲೆ ಕೆಲಸ ತಿರುಗುತ್ತದೆ. ಲೆನಾಲಿಡೊಮೈಡ್ ದೀರ್ಘಕಾಲ ತೆಗೆದುಕೊಂಡ ಮೈಲೋಮಾ ರೋಗಿಗಳಲ್ಲಿ ಕೆಲವರಿಗೆ ಆಮೇಲೆ ಬಿ-ಎಎಲ್‌ಎಲ್ ಬಂದ ವರದಿಗಳಿವೆ, ಅವರ ಸಿಬಿಸಿ (ರಕ್ತಕಣಗಳ ಎಣಿಕೆ) ಮೇಲೆ ಕಣ್ಣಿಡುವುದು ಅದಕ್ಕೇ.

ಬೆಣ್ಣೆನಗರಿ

ನೆಲ್ಲಿಕಾಯಿ ವಿಷಯ? ವಿಟಮಿನ್ ಸಿ ಲುಕೇಮಿಯಾ ಜೀನ್ ರಿಪೇರಿ ಮಾಡುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ.

ಜಗಳೂರು_ಫಾರ್ಮಾ

ಅದು ಟಿಇಟಿ2 ಕುರಿತ ಸುದ್ದಿ, ಈ ಜೀನ್ ಅಲ್ಲ. ಟಿಇಟಿ2 ಕಿಣ್ವ ಡಿಎನ್‌ಎಯ ಮಿಥೈಲ್ ಗುರುತು ತೆಗೆಯಲು ಕಬ್ಬಿಣ ಮತ್ತು ಆಲ್ಫಾ-ಕೀಟೋಗ್ಲುಟರೇಟ್ ಬಳಸುತ್ತದೆ, ವಿಟಮಿನ್ ಸಿ ಅದಕ್ಕೆ ನೆರವು. 2017ರಲ್ಲಿ ಇಲಿಗಳಲ್ಲಿ, ಟಿಇಟಿ2 ಕೊರತೆಯ ಕೋಶಗಳು ಹದಕ್ಕೆ ಬಂದದ್ದು ತೋರಿಸಿದ್ದಾರೆ. ಅಲ್ಲೂ ಉಳಿದ ಪ್ರತಿಯ ಚುರುಕು ಹೆಚ್ಚಿಸಿದ್ದೇ ಹೊರತು ಹೋದ ಜೀನ್ ವಾಪಸ್ ಬಂದಿಲ್ಲ. ಇಕರೋಸ್ ಕಿಣ್ವವೇ ಅಲ್ಲ, ವಿಟಮಿನ್ ಸಿಗೂ ಅದಕ್ಕೂ ಸಂಬಂಧವಿಲ್ಲ. ಊಟದ ಜೊತೆ ನೆಲ್ಲಿಕಾಯಿ ತಿನ್ನಲಿ. ಡ್ರಿಪ್‌ನಲ್ಲಿ ಗ್ರಾಂಗಟ್ಟಲೆ ಹಾಕಿಸಿಕೊಳ್ಳುವುದು ಅಪಾಯ: ಜಿ6ಪಿಡಿ ಕೊರತೆ ಇದ್ದರೆ ಕೆಂಪು ರಕ್ತಕಣ ಒಡೆಯುತ್ತವೆ, ಮೂತ್ರಪಿಂಡದಲ್ಲಿ ಆಕ್ಸಲೇಟ್ ಕೂರುತ್ತದೆ.

ಹರಿಹರ_ಬಯೋಟೆಕ್

ಎಂಎಲ್‌ಪಿಎ ಬೆಂಚಿನಲ್ಲಿ ಏನೇನು ಕೈಕೊಡುತ್ತದೆ ಅಂತ ಮೇಡಂ ಬರೆದರೆ ನಮ್ಮ ಟ್ರೇನಿಗಳಿಗೂ ತೋರಿಸಬಹುದು. 0.56 ನಂಬಬೇಕಾದರೆ ಏನು ನೋಡಬೇಕು?

ಎಂಎಲ್‌ಪಿಎ_ಬೆಂಚ್

ಕೆಲಸದ ಕ್ರಮ ಹೀಗೆ. ಪಿ335 (ಎಎಲ್‌ಎಲ್‌ನ ಎಂಎಲ್‌ಪಿಎ ಪ್ರೋಬ್‌ಗಳಿರುವ) ಕಿಟ್, 5 ಮೈಕ್ರೋಲೀಟರ್‌ನಲ್ಲಿ 50–250 ನ್ಯಾನೋಗ್ರಾಂ ಡಿಎನ್‌ಎ. 98 ಡಿಗ್ರಿಯಲ್ಲಿ 5 ನಿಮಿಷ ಬಿಡಿಸಿ, 25ಕ್ಕೆ ಇಳಿಸಿ, ಪ್ರೋಬ್‌ಮಿಕ್ಸ್ 1.5 ಮತ್ತು ಬಫರ್ 1.5 ಮೈಕ್ರೋಲೀಟರ್ ಸೇರಿಸಿ. 95ರಲ್ಲಿ 1 ನಿಮಿಷ, ಆಮೇಲೆ 60ರಲ್ಲಿ 16ರಿಂದ 20 ಗಂಟೆ, ಅಂದರೆ ರಾತ್ರಿಯಿಡೀ. ಬೆಳಿಗ್ಗೆ 54 ಡಿಗ್ರಿಯಲ್ಲಿ ಲೈಗೇಸ್ ಮಿಶ್ರಣ 32 ಮೈಕ್ರೋಲೀಟರ್, 15 ನಿಮಿಷ. 98ರಲ್ಲಿ 5 ನಿಮಿಷ ಇಟ್ಟು ಲೈಗೇಸ್ ಕೊಂದು, 35 ಸುತ್ತಿನ ಪಿಸಿಆರ್. ಕೊನೆಗೆ ಕ್ಯಾಪಿಲರಿಯಲ್ಲಿ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ಪೀಕ್‌ಗಳಾಗಿ ಓದುವುದು.

ಮೊದಲು ಕಂಟ್ರೋಲ್ ಪೀಕ್‌ಗಳನ್ನು ನೋಡಿ. 64, 70, 76, 82 ಉದ್ದದ ಪೀಕ್‌ಗಳು ಎತ್ತರವಾಗಿದ್ದರೆ ಡಿಎನ್‌ಎ ಕಡಿಮೆ ಬಿದ್ದಿದೆ ಅಥವಾ ಲೈಗೇಷನ್ ಕೆಟ್ಟಿದೆ. 88 ಮತ್ತು 96 ಕುಗ್ಗಿದ್ದರೆ ಡಿಎನ್‌ಎ ಪೂರ್ತಿ ಬಿಡಿಸಿಕೊಂಡಿಲ್ಲ, ಹೆಚ್ಚಾಗಿ ಉಪ್ಪು ಉಳಿದ ಸ್ಯಾಂಪಲ್. ಇಂಥ ಓಟದಲ್ಲಿ ಇಲ್ಲದ ಡಿಲೀಷನ್ ಕಾಣುತ್ತದೆ. ರಾತ್ರಿ ಟ್ಯೂಬ್‌ನ ಮುಚ್ಚಳ ಸಡಿಲವಿದ್ದರೂ 8 ಮೈಕ್ರೋಲೀಟರ್ ಅರ್ಧ ಆವಿಯಾಗಿ ಸಿಗ್ನಲ್ ಓರೆಯಾಗುತ್ತದೆ.

ರೆಫರೆನ್ಸ್ ಸ್ಯಾಂಪಲ್ ಕನಿಷ್ಠ 3 ಇರಲಿ, ರೋಗಿಯ ಡಿಎನ್‌ಎ ಯಾವ ವಿಧಾನದಲ್ಲಿ ತೆಗೆದಿರೋ ಅದೇ ವಿಧಾನದಲ್ಲಿ ತೆಗೆದಿರಲಿ.

ಒಂದೇ ಪ್ರೋಬ್ ಬಿದ್ದಿದ್ದರೆ ಡಿಲೀಷನ್ ಅಂತ ಬರೆಯಬೇಡಿ. ಪ್ರೋಬ್ ಕೂರುವ ಜಾಗದಲ್ಲಿ ಒಂದು ಎಸ್‌ಎನ್‌ಪಿ (ಒಂದೇ ಬೇಸ್‌ನ ಸಹಜ ವ್ಯತ್ಯಾಸ) ಇದ್ದರೂ ಹಾಗೇ ಕಾಣುತ್ತದೆ, ಬೇರೆ ವಿಧಾನದಲ್ಲಿ ಖಚಿತ ಮಾಡಿಕೊಳ್ಳಿ. ಈ ಕೇಸ್‌ನಲ್ಲಿ ಅಕ್ಕಪಕ್ಕದ ನಾಲ್ಕು ಎಕ್ಸಾನ್ ಒಟ್ಟಿಗೆ ಬಿದ್ದಿವೆ, ಬ್ಲಾಸ್ಟ್ ಲೆಕ್ಕಕ್ಕೂ ತಾಳೆಯಾಗುತ್ತದೆ. ಹಾಗಾಗಿ ನಂಬಬಹುದು.

ಮಕ್ಕಳ_ಕ್ಯಾನ್ಸರ್_ವಾರ್ಡ್

ಎಲ್ಲ ಸರಿ, ಆದರೆ ಈ ಪರೀಕ್ಷೆಯನ್ನು ಎಲ್ಲ ಮಕ್ಕಳಿಗೂ ಮಾಡಿಸಿ ಅನ್ನುವ ಒತ್ತಡಕ್ಕೆ ನನ್ನ ವಿರೋಧ ಇದೆ. ಮಕ್ಕಳ ಬಿ-ಎಎಲ್‌ಎಲ್‌ನಲ್ಲಿ ಸುಮಾರು 15%ಗೆ ಮಾತ್ರ ಇದು ಇರುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಮೊದಲು ಬಿಸಿಆರ್-ಎಬಿಎಲ್, ಅದು ಪಾಸಿಟಿವ್ ಆದರೆ ಇಮ್ಯಾಟಿನಿಬ್ ಅಥವಾ ಡ್ಯಾಸಟಿನಿಬ್ ಸೇರಿಸಿ ಚಿಕಿತ್ಸೆಯೇ ಬದಲಾಗುತ್ತದೆ. ಎರಡನೆಯದು ಇಂಡಕ್ಷನ್ (ಮೊದಲ ಹಂತದ ಕೀಮೋ) ಕೊನೆಯ ಎಂಆರ್‌ಡಿ (ಚಿಕಿತ್ಸೆಯ ಮೇಲೂ ಉಳಿದ ಲುಕೇಮಿಯಾ ಕೋಶಗಳ ಪ್ರಮಾಣ). 0.01%ಗಿಂತ ಕಡಿಮೆ ಬಂತೋ ಇಲ್ಲವೋ ಅನ್ನುವುದೇ ಮುಂದಿನ ದಾರಿ ಹೇಳುತ್ತದೆ. ಐಕೆಝಡ್‌ಎಫ್1 ಮೂರನೆಯದು.

ಹೆಮಟಾಲಜಿ_ಡಿಎಂ

ಕ್ರಮ ಒಪ್ಪುತ್ತೇನೆ ಮೇಡಂ. "ಚಿಕಿತ್ಸೆ ಬದಲಾಗಲ್ಲ" ಅನ್ನುವ ಧ್ವನಿ ಇದ್ದರೆ ಅದನ್ನು ಒಪ್ಪಲ್ಲ. ಮಲೇಷ್ಯಾ–ಸಿಂಗಪುರದ ಮಾ-ಸ್ಪೋರ್ 2010 ಪ್ರೋಟೋಕಾಲ್‌ನಲ್ಲಿ ಈ ಡಿಲೀಷನ್ ಇದ್ದ ಮಕ್ಕಳನ್ನು ಮೇಲಿನ ರಿಸ್ಕ್ ಗುಂಪಿಗೆ ಹಾಕಿ ಚಿಕಿತ್ಸೆ ಬಿಗಿ ಮಾಡಿದರು, ಮರುಕಳಿಕೆ ಇಳಿಯಿತು. ಡಚ್ಚರ ಎಎಲ್‌ಎಲ್-11ರಲ್ಲಿ ಮೇಂಟೆನೆನ್ಸ್ (ಕೊನೆಯ ಹಂತದ ಮಾತ್ರೆ ಚಿಕಿತ್ಸೆ) ಒಂದು ವರ್ಷ ಉದ್ದ ಮಾಡಿದರು, ಅಲ್ಲೂ ಇಳಿಯಿತು. 6-ಮರ್ಕ್ಯಾಪ್ಟೊಪ್ಯೂರಿನ್ ಮತ್ತು ಮೆಥೊಟ್ರೆಕ್ಸೇಟ್ ಮಾತ್ರೆ ಒಂದು ವರ್ಷ ಜಾಸ್ತಿ ಕೊಡುವುದು ನಮ್ಮ ಜಿಲ್ಲೆಗಳಲ್ಲೂ ಆಗದ ಮಾತೇನಲ್ಲ.

ಜೊತೆಗೆ ಈ ಡಿಲೀಷನ್ ಒಂಟಿಯಾಗಿದೆಯೋ ಬೇರೆ ಡಿಲೀಷನ್ ಜೊತೆ ಇದೆಯೋ ನೋಡಬೇಕು. ಸಿಡಿಕೆಎನ್2ಎ, ಸಿಡಿಕೆಎನ್2ಬಿ, ಪಿಎಎಕ್ಸ್5 ಜೀನ್‌ಗಳು ಅಥವಾ ಪಿಎಆರ್1 ಭಾಗ, ಇವುಗಳಲ್ಲಿ ಒಂದಾದರೂ ಜೊತೆಗೆ ಹೋಗಿದ್ದು, ಇಆರ್‌ಜಿ ಜೀನಿನ ಡಿಲೀಷನ್ ಇಲ್ಲದಿದ್ದರೆ ಅದನ್ನು ಐಕೆಝಡ್‌ಎಫ್1-ಪ್ಲಸ್ ಅನ್ನುತ್ತಾರೆ. 2018ರ ಜರ್ಮನ್ ಅಧ್ಯಯನದಲ್ಲಿ 5 ವರ್ಷ ಮರುಕಳಿಕೆ, ಸಾವಿನಂಥ ಯಾವ ಅವಘಡವೂ ಇಲ್ಲದೆ ಉಳಿದವರು ಪ್ಲಸ್ ಗುಂಪಿನಲ್ಲಿ 53%, ಪ್ಲಸ್ ಅಲ್ಲದ ಡಿಲೀಷನ್‌ನಲ್ಲಿ 79%, ಡಿಲೀಷನ್ ಇಲ್ಲದವರಲ್ಲಿ 87%. ಆದರೆ ಪ್ಲಸ್ ಇದ್ದರೂ ಎಂಆರ್‌ಡಿ ಬೇಗ ಕರಗಿದ ಮಕ್ಕಳು ಚೆನ್ನಾಗಿಯೇ ಇದ್ದರು. ಆದ್ದರಿಂದ ನಿಮ್ಮ ಎಂಆರ್‌ಡಿ ವಾದವೂ ಗಟ್ಟಿಯೇ.

ಮಕ್ಕಳ_ಕ್ಯಾನ್ಸರ್_ವಾರ್ಡ್

ಬಿಗಿ ಮಾಡುವುದು ಅಂದರೆ ಸೋಂಕಿನಿಂದ ಮಗು ಹೋಗುವ ಅಪಾಯವೂ ಹೆಚ್ಚುತ್ತದೆ ಡಾಕ್ಟ್ರೇ. ಸಿಂಗಪುರದ ವಾರ್ಡ್ ಬೇರೆ, ನಮ್ಮದು ಬೇರೆ. ಜ್ವರ ಬಂದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಸಿಗುವಷ್ಟು ಹತ್ತಿರ ಮನೆ ಇದೆಯಾ, ತೂಕ ಎಷ್ಟಿದೆ, ಇವೆಲ್ಲ ನೋಡಿ ನಿರ್ಧಾರ ಮಾಡಬೇಕು. ಮೇಂಟೆನೆನ್ಸ್ ಉದ್ದ ಮಾಡುವ ಡಚ್ ದಾರಿ ಮಾತ್ರ ನಮಗೆ ಹೊಂದುತ್ತದೆ, ಅದಕ್ಕೆ ನನ್ನ ಓಟು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಕಾರ್ಡ್ ಮೊದಲ ದಿನವೇ ಕೇಳಿ ತೆಗೆದಿಟ್ಟುಕೊಳ್ಳಿ ಅಂತ ಮನೆಯವರಿಗೆ ಹೇಳಿ.

ಹೊಳಲ್ಕೆರೆ_ಸಿಸ್ಟರ್

ತಾಯಂದಿರು ಕೇಳುವುದು ಒಂದೇ: "ನನ್ನಿಂದ ಬಂತಾ? ತಮ್ಮ-ತಂಗಿಗೂ ಬರುತ್ತಾ?" ಏನು ಹೇಳಬೇಕು?

ಹೆಮಟಾಲಜಿ_ಡಿಎಂ

ಈ ಡಿಲೀಷನ್ ಮಗುವಿನ ಮ್ಯಾರೋದ ಒಂದು ಕೋಶದಲ್ಲಿ ಹುಟ್ಟಿದ ಮೇಲೆ ಆದದ್ದು, ಯಾರಿಂದಲೂ ಬಂದದ್ದಲ್ಲ ಅಂತ ಧೈರ್ಯವಾಗಿ ಹೇಳಿ, ರ್‍ಯಾಗ್ ಕತ್ತರಿಸಿದ 4–7ಗೆ ಆ ಮಾತು ಸಲ್ಲುತ್ತದೆ. ಹುಟ್ಟಿನಿಂದಲೇ ಐಕೆಝಡ್‌ಎಫ್1 ದೋಷ ಇರುವ ಕೆಲವೇ ಕುಟುಂಬಗಳೂ ಇವೆ. ಅವರಲ್ಲಿ ಬಿ-ಕೋಶ ಮತ್ತು ಇಮ್ಯುನೊಗ್ಲಾಬ್ಯುಲಿನ್ ಕಡಿಮೆ, ಪದೇ ಪದೇ ನ್ಯುಮೋನಿಯಾ, 2016ರಲ್ಲಿ ಅದನ್ನು ವಿವರಿಸಿದ್ದಾರೆ. ಮನೆಯಲ್ಲಿ ಅಂಥ ಇತಿಹಾಸ ಇದ್ದರೆ ಮಾತ್ರ ಹುಡುಕಿ. ಹುಡುಕುವಾಗ ಬಾಯಿಯ ಸ್ವಾಬ್ ಬೇಡ, ಅದರಲ್ಲಿ ರಕ್ತಕಣ ಬೆರೆತಿರುತ್ತವೆ. ರೆಮಿಷನ್ (ಚಿಕಿತ್ಸೆಯಿಂದ ಕಾಯಿಲೆ ಮರೆಯಾಗುವುದು) ಬಂದ ಮೇಲಿನ ರಕ್ತ ಅಥವಾ ಚರ್ಮದ ಫೈಬ್ರೋಬ್ಲಾಸ್ಟ್ ತೆಗೆದುಕೊಳ್ಳಿ.

ವಿದ್ಯಾನಗರ_ಪೆಥಾಲಜಿ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ಕೊನೆಗೆ ವಿದ್ಯಾರ್ಥಿಗಳಿಂದ ರಿಪೋರ್ಟ್ ಬರೆಸಬೇಕು ಅಂತಿದ್ದೇನೆ. ಈ ಕೇಸ್‌ಗೆ ಸರಿಯಾದ ಒಕ್ಕಣೆ ಹೇಗಿರಬೇಕು?

ಎಂಎಲ್‌ಪಿಎ_ಬೆಂಚ್

"ಸ್ಯಾಂಪಲ್: ಮ್ಯಾರೋ, ಇಡಿಟಿಎ, ಸ್ಟೀರಾಯ್ಡ್‌ಗೆ ಮೊದಲು. ಬ್ಲಾಸ್ಟ್ 88%. ಐಕೆಝಡ್‌ಎಫ್1 ಎಕ್ಸಾನ್ 4–7 ಡಿಲೀಷನ್, ಒಂದು ಪ್ರತಿ, ಅನುಪಾತ 0.56, ಡಾಮಿನೆಂಟ್ ನೆಗೆಟಿವ್ ಐಕೆ6 ನಿರೀಕ್ಷಿತ. ಸಿಡಿಕೆಎನ್2ಎ/ಬಿ, ಪಿಎಎಕ್ಸ್5, ಪಿಎಆರ್1: ಪ್ರತಿ ಸಂಖ್ಯೆ ಪ್ರತ್ಯೇಕವಾಗಿ ನಮೂದಿಸಿದೆ. ಈ ವಿಧಾನ ಪಾಯಿಂಟ್ ಮ್ಯುಟೇಷನ್ ಹಿಡಿಯುವುದಿಲ್ಲ."

ಇಆರ್‌ಜಿ ಮಾತ್ರ ಪಿ335ರಲ್ಲಿ ಇಲ್ಲ. ಪಿ327 ಕಿಟ್ ಬೇರೆಯಾಗಿ ಹಾಕಬೇಕು, ಅದಿಲ್ಲದೆ "ಪ್ಲಸ್" ಅಂತ ಬರೆಯಲು ಬಿಡಬೇಡಿ. ಡಿಎನ್‌ಎ 100 ನ್ಯಾನೋಗ್ರಾಂ ಮೊದಲೇ ತೆಗೆದಿಟ್ಟುಕೊಳ್ಳಲು ಹೇಳಿ.